ಹೊಸ ಕೀಲಿಯ ಹಳೆಯ ಹಲ್ಲು

ಮೊದಲು ಸಿಕ್ಕಿದ್ದು ಪೊರಕೆ. ಗುರುವಾರ ಬೆಳಗ್ಗೆ ಆರೂಕಾಲಿಗೆ, ಕ್ಲಿನಿಕ್ ರಸ್ತೆ ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ, ಅದು ಪೇಪರ್ ಹಾಕುವವನ ಸೈಕಲ್ಲಿಗೆ ಅಡ್ಡ ಸಿಕ್ಕಿತು. ಬೈಯುತ್ತಾ ಕೆಳಗಿಳಿದ. ಪೊರಕೆಯಿಂದ ಹತ್ತು ಹೆಜ್ಜೆ ಆಚೆ, ಚರಂಡಿಯ ಅಂಚಿನ ಕಲ್ಲಿನ ಮೇಲೆ, ಅದನ್ನು ಹಿಡಿದು ಗುಡಿಸುತ್ತಿದ್ದ ಹೆಂಗಸು ಬಿದ್ದಿದ್ದಳು. ಎಡಗಾಲು ಮೊಣಕಾಲಿನಿಂದ ಕೆಳಗೆ ಕಾಲಿನ ಹಾಗಿರಲಿಲ್ಲ. ಕಣ್ಣು ತೆರೆದಿತ್ತು. "ಎಷ್ಟೊತ್ತಾಯ್ತು?" ಅಂತ ಇವನು ಕೇಳಿದ್ದಕ್ಕೆ, "ಕತ್ತಲಿತ್ತು," ಅಂದಳಂತೆ.

ದೊಡ್ಡಾಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಆ ಕಾಲು ತೆಗೆದರು. ಬಿದ್ದ ಹತ್ತು ನಿಮಿಷದೊಳಗೆ ಯಾರಾದರೂ ಮೊಣಕಾಲಿನ ಮೇಲೆ ಒಂದು ಬಟ್ಟೆ ಬಿಗಿದಿದ್ದರೆ ಉಳಿಯುತ್ತಿತ್ತು ಅಂದರು. ಒಂದು ಬಟ್ಟೆ, ಅಷ್ಟೇ.

ಪೇಪರಿನವನು ಇನ್ನೊಂದು ವಿಷಯವನ್ನೂ ಹೇಳಿದ. ಆರು ಗಂಟೆಗೆ ಹತ್ತು ನಿಮಿಷ ಇದ್ದಾಗ, ಮೇಲಿನ ಬೀದಿಯಿಂದ ಅವನಿಗೆ ಒಂದು ಕಾರು ಕಂಡಿತ್ತು. ಹಳೇ ಮಾದರಿ, ಬೂದು ಬಣ್ಣ, ಒಂದೇ ದೀಪ. ನಡೆಸುತ್ತಿದ್ದವರು ಯಾರು? ಅದು ಕಾಣಲಿಲ್ಲ.

ನಮ್ಮ ಕಡೆ ಅಂಥ ಕಾರು ಇರುವುದು ಒಂದೇ. ಡಾಕ್ಟರದ್ದು. ಇಪ್ಪತ್ತಾರು ವರ್ಷದ ಗಾಡಿ. ಅದರಲ್ಲಿ ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದವನು ನನ್ನ ಅಪ್ಪ.

ಅದೇ ಬೆಳಗ್ಗೆ ಹತ್ತು ಗಂಟೆಗೆ ಪೊಲೀಸರು ಕ್ಲಿನಿಕ್ಕಿನ ಹಿಂದಿನ ಶೆಡ್ ತೆರೆಸಿದರು. ಬಲಗಡೆಯ ದೀಪ ಒಡೆದಿತ್ತು. ಬಂಪರು ಒರೆಸಿದ ಹಾಗಿತ್ತು. ಹತ್ತೂವರೆಗೆ ಅಪ್ಪನನ್ನು ಮನೆಯಿಂದ ಕರೆದೊಯ್ದರು. ಸಂಜೆ ಬಿಟ್ಟರು. ನಾಳೆ ಸಂಜೆಯೊಳಗೆ ನಿಜ ಹೇಳದಿದ್ದರೆ ಒಳಗೆ ಹಾಕುತ್ತೇವೆ ಅಂದು ಕಳಿಸಿದ್ದರು.

ನಾನು ಅತ್ತೆಗೆ ಫೋನ್ ಮಾಡಿದೆ.

ಅತ್ತೆ ಅಂದರೆ ಅಪ್ಪನ ತಂಗಿ. ಬೀಗ ರಿಪೇರಿ, ಕೀಲಿ ಮಾಡುವ ಕೆಲಸ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಂಥ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕೂತಿದ್ದಾಳೆ. ಎಂ.ಎ. ಮುಗಿಸಿ ಕೆಲಸವಿಲ್ಲದೆ ನಾನು ನಿಂತಿರುವುದೂ ಅಲ್ಲೇ. ಕುತ್ತಿಗೆಗೆ ಒಂದು ದಾರ, ದಾರಕ್ಕೆ ಒಂದು ಭೂತಗನ್ನಡಿ, ಮೂಗಿನ ತುದಿಯಲ್ಲಿ ಕೋಪ — ಅತ್ತೆಯನ್ನು ಇಷ್ಟರಲ್ಲೇ ಗುರುತಿಸಬಹುದು.

ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಅಣ್ಣಾ, ನೀನಾಗಿ ಬಾಯಿ ಬಿಡ್ತೀಯೋ, ಇಲ್ಲಾ ಅದಕ್ಕೂ ಒಂದು ಕೀ ಮಾಡ್ಬೇಕೋ?"

ಅಪ್ಪ ನೆಲ ನೋಡುತ್ತಿದ್ದ.

"ಪೊಲೀಸ್ನೋರಿಗೆ ಏನು ಹೇಳ್ದೆ?"

"ಕೀ ಮುರಿದಿತ್ತು ಅಂದೆ."

"ಯಾವತ್ತು?"

"ಸೋಮವಾರ."

"ಹೇಗೆ?"

"ಗಾಡಿ ಸ್ಟಾರ್ಟ್ ಮಾಡೋಕೆ ತಿರುಗಿಸ್ದೆ. ತಲೆ ಕೈಗೆ ಬಂತು. ಮೂತಿ ಇಗ್ನಿಷನ್ ಒಳಗೇ ಉಳೀತು. ಸವೆದಿತ್ತಲ್ಲ, ಇವತ್ತೋ ನಾಳೆಯೋ ಮುರಿಯೋದೇ."

"ಮೂತಿ ತೆಗೆದ್ಯಾ?"

"ಗರಗಸದ ಸಣ್ಣ ಬ್ಲೇಡು ಹಾಕಿ ಎಳ್ದೆ. ಬಂತು."

"ಸರಿ. ಅಲ್ಲಿಗೆ ಎರಡು ತುಂಡು ನಿನ್ನ ಕೈಲಿತ್ತು. ನಿನ್ನ ಒಡಹುಟ್ಟಿದ ತಂಗಿ ಕೀ ಮಾಡ್ಕೊಂಡು ಹೊಟ್ಟೆ ಹೊರೀತಾಳೆ. ಆ ಕ್ಲಿನಿಕ್ಕಿನ ಔಷಧಿ ಕಪಾಟಿಂದ ಹಿಡಿದು ಕಕ್ಕಸಿನ ಚಿಲಕದ ತನಕ ಎಲ್ಲಾ ನಾನೇ ರಿಪೇರಿ ಮಾಡಿದ್ದು. ಈ ತುಂಡು ಮಾತ್ರ ನನ್ನ ಹತ್ರ ಯಾಕೆ ಬರ್ಲಿಲ್ಲ?"

ಅಪ್ಪ ಕಾಲ ಬೆರಳಿನಿಂದ ನೆಲ ಕೆರೆದ.

"ಎಸೆದ್ಯಾ? — ಕೊಟ್ಯಾ?"

ಅವನು ತಲೆಯೆತ್ತಿ ಬಾಗಿಲ ಕಡೆ ನೋಡಿದ.

"ಯಾರಿಗೆ ಕೊಟ್ಟೆ?"

ಅಪ್ಪನ ಮೌನಗಳು ನನಗೆ ಚಿಕ್ಕಂದಿನಿಂದ ಪರಿಚಯ. ದಣಿದಾಗಿನದು ಬೇರೆ, ಬೇಸರದ್ದು ಬೇರೆ, ಕೈಯಲ್ಲಿ ಕಾಸಿಲ್ಲದಾಗಿನದು ಬೇರೆ. ಇದು ಇವು ಯಾವುದೂ ಅಲ್ಲ. ಬಸ್ ಸ್ಟಾಪಿನಲ್ಲಿ ನಿಂತವರು ರಸ್ತೆಯ ತುದಿಯನ್ನೇ ನೋಡುತ್ತಾ ಸುಮ್ಮನಿರುತ್ತಾರಲ್ಲ, ಆ ಥರದ್ದು. ನನಗೆ ರೇಗಿಹೋಯಿತು.

"ನಾಳೆ ನಿನ್ನನ್ನ ಒಳಗೆ ಹಾಕ್ತಾರಪ್ಪ. ಗೊತ್ತಾಗ್ತಿದ್ಯಾ?"

"ಗೊತ್ತು."

"ಮತ್ತೆ?"

"ನಾನು ಗಾಡಿ ಓಡಿಸಿಲ್ಲ," ಅಂದ. ಅಷ್ಟು ಬಿಟ್ಟು ಆ ರಾತ್ರಿ ಅವನ ಬಾಯಿಂದ ಏನೂ ಬರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿದ್ದ ಅಮ್ಮ ಒಲೆ ಆರಿಸಿ ಒಳಗೆ ಹೋದಳು.

ಅತ್ತೆ ಹೊರಗೆ ಬಂದು ನನ್ನ ತೋಳು ಹಿಡಿದಳು. "ಎಸೆದಿದ್ರೆ ಎಸೆದೆ ಅಂತಿದ್ದ. ಅದನ್ನ ಹೇಳೋಕೆ ಎಂಥ ಕಷ್ಟ? ಕೊಟ್ಟಿದ್ದಾನೆ. ತಗೊಂಡೋರು ತಗೊಂಡಿಲ್ಲ ಅಂತಿರ್ಬೇಕು. ನಾಳೆ ಬೆಳಗ್ಗೆ ಕ್ಲಿನಿಕ್ಕಿಗೆ ಹೋಗೋಣ. ನೀನು ನೋಟ್‌ಬುಕ್ ತಗೋ, ಎಂ.ಎ. ಮೇಡಂ. ಕಲ್ತಿದ್ದು ಒಂದ್ಸಲ ಉಪಯೋಗಕ್ಕೆ ಬರ್ಲಿ."

*

ಶುಕ್ರವಾರ ಬೆಳಗ್ಗೆ ಇನ್ಸ್‌ಪೆಕ್ಟರ್ ಕ್ಲಿನಿಕ್ಕಿನಲ್ಲೇ ಇದ್ದರು, ಮಹಜರು ಬರೆಸುತ್ತಿದ್ದರು. ನಮ್ಮನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ನೀವ್ಯಾಕಮ್ಮ ಇಲ್ಲಿ? ಡ್ರೈವರ್ ಮನೆಯವರು ಇಲ್ಲೆಲ್ಲ ಬರೋ ಹಾಗಿಲ್ಲ."

"ಡ್ರೈವರ್ ಮನೆಯವಳಾಗಿ ಬಂದಿಲ್ಲ ಸಾರ್. ಕೀ ನೋಡೋಕೆ ಬಂದಿದ್ದೀನಿ. ಹೋದ ವರ್ಷ ನಿಮ್ಮ ಸ್ಟೇಷನ್ನಿನ ಬಂದೂಕಿನ ಕೋಣೆ ಬೀಗ..."

"ಆಯ್ತು, ಆಯ್ತು." ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್ ಕಡೆ ನೋಡಿ ದನಿ ತಗ್ಗಿಸಿದರು. "ಐದು ನಿಮಿಷ."

ಮುಂದಿನ ಕೋಣೆಯಲ್ಲಿ ಡಾಕ್ಟರ ಅಳಿಯನ ಔಷಧಿ ಅಂಗಡಿ. ಮಾವ, ಅಳಿಯ ಇಬ್ಬರ ಮನೆಯೂ ಅದೇ ಕಟ್ಟಡದ ಮಹಡಿಯಲ್ಲಿ. ಅವನು ಕೌಂಟರಿನ ಹಿಂದೆ ನಿಂತು, ಸೀಸೆಯ ಮೇಲಿನ ಇರುವೆ ಗಾತ್ರದ ಅಕ್ಷರ ಓದುತ್ತಾ ತಲೆಯೆತ್ತದೆಯೇ ಹೇಳಿದ: "ಇನ್ನೇನು ನೋಡ್ತೀರಿ? ನಿಮ್ಮಣ್ಣ ಎರಡು ದಿನ ರಜೆ ಹಾಕಿದ್ದ. ಗಾಡಿ ತೆಗೆದು ಬಾಡಿಗೆ ಹೊಡೆದಿದ್ದಾನೆ. ಬೆಳಗಿನ ಜಾವ ಯಾರನ್ನೋ ರೈಲಿಗೆ ಬಿಟ್ಟು ಬಂದಿದ್ದಾನೆ."

"ನೀವು ನೋಡಿದ್ರಾ?" ಅಂದಳು ಅತ್ತೆ.

"ನೋಡ್ಬೇಕೇನ್ರಿ? ಕೀ ಇರೋದು ಎರಡು. ಒಂದು ಅವನ ಹತ್ರ. ಇನ್ನೊಂದು ಮಾವನ ಡ್ರಾಯರಿನಲ್ಲಿ."

"ನೀವು ದಿನಾ ಎಷ್ಟು ಹೊತ್ತಿಗೆ ಏಳ್ತೀರಿ?"

ಅವನು ಈಗ ತಲೆಯೆತ್ತಿದ. "ಐದೂವರೆಗೆ. ಈಜೋಕೆ ಹೋಗ್ತೀನಿ. ಯಾಕೆ?"

"ಬೈಕ್ ಎಲ್ಲಿರುತ್ತೆ?"

"...ಶೆಡ್ಡಿನಲ್ಲಿ."

"ಕಾರಿನ ಪಕ್ಕ. ನಿನ್ನೆ ಬೈಕ್ ತೆಗೆಯೋವಾಗ ಕಾರು ಇತ್ತಾ?"

"ಇತ್ತೋ ಇಲ್ವೋ. ನಿದ್ದೆಗಣ್ಣಲ್ಲಿ ಯಾರು ನೋಡ್ತಾರೆ?"

ಇವನೇ, ಅಂತ ನನ್ನ ಒಳಗೆ ಏನೋ ಗಟ್ಟಿಯಾಯಿತು. ನೋಟ್‌ಬುಕ್ಕಿನಲ್ಲಿ ಅವನ ಮಾತನ್ನು ಬರೆದುಕೊಳ್ಳುವಾಗ ಪೆನ್ನು ಕಾಗದ ಹರಿಯಿತು.

ಒಳಗಿನ ಕೋಣೆಯಲ್ಲಿ ಡಾಕ್ಟರು. ಎಪ್ಪತ್ತು ದಾಟಿದ ನೆಟ್ಟನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಕೋಟು. ನಾನು ಹುಟ್ಟಿದಾಗಿನಿಂದ ಕಂಡವರು. ನಮ್ಮನ್ನು ಕೂರಿಸಿ ನಿಧಾನವಾಗಿ ಮಾತಾಡಿದರು. ಮಾತಾಡುವಾಗ ನನ್ನ ಮುಖ ನೋಡಲಿಲ್ಲ, ಕಿವಿಯ ಕಡೆ ನೋಡುತ್ತಿದ್ದರು. ದೊಡ್ಡವರ ಗತ್ತು ಅಂದುಕೊಂಡೆ.

"ಬಹಳ ಬೇಜಾರಾಗಿದೆಯಮ್ಮ. ನಿಮ್ಮಣ್ಣ ಹೀಗೆ ಮಾಡ್ತಾನೆ ಅಂತ ಅಂದ್ಕೊಂಡಿರ್ಲಿಲ್ಲ."

"ಕೀ ಮುರಿದಿತ್ತು ಅಂತಾನಲ್ಲ ಡಾಕ್ಟ್ರೇ."

"ನನಗೆ ಹೇಳಿಲ್ಲ. ರಜೆ ಕೇಳಿದ, ಕೊಟ್ಟೆ."

"ನಿಮ್ಮ ಹತ್ರ ಇರೋದು?"

"ಇನ್ಸ್‌ಪೆಕ್ಟರ್ ನೋಡಿದ್ದಾರೆ. ಕಾರು ತಗೊಂಡ ದಿನದಿಂದ ಚೀಲದಿಂದ ಆಚೆ ಬಂದಿಲ್ಲ. ನಾನು ಗಾಡಿ ಮುಟ್ಟಿಯೇ ಎಷ್ಟೋ ವರ್ಷ ಆಯ್ತು. ವಯಸ್ಸಾಯ್ತಲ್ಲ."

ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಕವರಿನಿಂದ ಒಂದು ಪುಟ್ಟ ತೊಗಲಿನ ಚೀಲ ತೆಗೆದರು. ಅದರೊಳಗಿನ ಕೀಲಿ ಅತ್ತೆಯ ಅಂಗೈಗೆ ಜಾರಿತು. ಫಳಫಳ ಹೊಳೆಯಿತು.

"ನೋಡಿದ್ರಾ? ಒಂದು ಗೀರಿಲ್ಲ," ಅಂದರು ಇನ್ಸ್‌ಪೆಕ್ಟರ್. "ಉಪಯೋಗಿಸೇ ಇಲ್ಲ."

ಅತ್ತೆ ಭೂತಗನ್ನಡಿ ಕಣ್ಣಿಗಿಟ್ಟಳು. ಬಹಳ ಹೊತ್ತು ನೋಡಿದಳು. ಆಮೇಲೆ ಚೀಲದ ಬಾಯಿ ಅಗಲಿಸಿ ಒಳಗೆ ನೋಡಿದಳು. ನಾನೂ ಬಗ್ಗಿದೆ. ತೊಗಲಿನ ಒಳಮೈಯಲ್ಲಿ ಕೀಲಿಯ ಆಕಾರದ ಹಸಿರು ಕಲೆ, ಪಾಚಿಯ ಹಾಗೆ.

"ಇದನ್ನ ಗಾಡಿಗೆ ಹಾಕಿ ನೋಡ್ಬಹುದಾ ಸಾರ್?"

ಶೆಡ್ಡಿಗೆ ಹೋದೆವು. ಇನ್ಸ್‌ಪೆಕ್ಟರ್ ತಾವೇ ಕೂತು ಕೀಲಿ ತೂರಿಸಿ ತಿರುಗಿಸಿದರು. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಇಂಜಿನ್ ಗುರ್ ಅಂದಿತು.

"ಸರಿಯಾಗಿದೆಯಲ್ಲ?"

"ಹೌದು ಸಾರ್," ಅಂದಳು ಅತ್ತೆ. "ತುಂಬಾ ಸರಿಯಾಗಿದೆ. ಅದೇ ಸಿಟ್ಟು ಬರ್ತಿರೋದು."

ಬಾಗಿಲಲ್ಲಿ ನರ್ಸಮ್ಮ ನಿಂತಿದ್ದಳು. ಹದಿನೈದು ವರ್ಷದಿಂದ ಅಲ್ಲೇ ಕೆಲಸ, ಅಪ್ಪನಿಗೆ ತನ್ನ ಡಬ್ಬಿಯಿಂದ ತಿಂಡಿ ಕೊಡುತ್ತಿದ್ದವಳು. ಅತ್ತೆ ಅವಳ ಹತ್ತಿರ ಹೋದಳು.

"ಸಿಸ್ಟರ್, ಆ ಡ್ರಾಯರು ಯಾರ್ಯಾರು ತೆಗೀತಾರೆ?"

"ಡಾಕ್ಟ್ರು, ಅವರ ಅಳಿಯ, ನಾನು. ಅಷ್ಟೇ."

"ನಿನ್ನೆ ನೀವು ಬಂದಾಗ ಗಂಟೆ?"

"ಆರೂವರೆ. ಜನ ಆಗ್ಲೇ ತಿರುವಿನಲ್ಲಿ ಸೇರಿದ್ರು. ಓಡಿ ಬಂದು ಡಾಕ್ಟ್ರನ್ನ ಕರೆದೆ. ದೊಡ್ಡಾಸ್ಪತ್ರೆಗೆ ತಗೊಂಡು ಹೋಗ್ಲಿ, ಇದು ಪೊಲೀಸ್ ಕೇಸು, ನಾವು ಮುಟ್ಟೋ ಹಾಗಿಲ್ಲ ಅಂದ್ರು."

ಅತ್ತೆ ತಿರುವಿನ ಕಡೆ ತಿರುಗಿ ನೋಡಿದಳು. ತಿರುವಿನಿಂದ ಕ್ಲಿನಿಕ್ಕಿನ ಬಾಗಿಲಿಗೆ ನೂರೈವತ್ತು ಹೆಜ್ಜೆ. ಬರುವಾಗ ನಾನು ಎಣಿಸಿದ್ದೆ.

*

"ಆ ಕೀಲಿಯನ್ನ ಯಾವ ಕೊಳಕು ಕೈ ಮಾಡಿದ್ದು ಅಂತ ನನಗೆ ಗೊತ್ತು," ಅಂದಳು ಅತ್ತೆ, ರಸ್ತೆಗೆ ಬಂದ ಕೂಡಲೇ. "ನಡಿ, ಮಾರ್ಕೆಟ್ಟಿಗೆ."

ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ಮಶೀನಿನ ಅಂಗಡಿ. ಎರಡು ನಿಮಿಷಕ್ಕೊಂದು ಕೀ ಅಂತ ಬೋರ್ಡು. ಮಶೀನಿನವನು ಅತ್ತೆಯನ್ನು ಕಂಡು ಎದ್ದು ನಿಂತ.

"ಅಕ್ಕಾ, ಅಪರೂಪಕ್ಕೆ."

"ಕೂತ್ಕೋ. ಮಂಗಳವಾರವೋ ಬುಧವಾರವೋ ಒಂದು ಕಾರಿನ ಕೀ ಮಾಡಿದೀಯ. ಎರಡು ತುಂಡು ತಂದಿದ್ರು."

"ಮಂಗಳವಾರ ಇರ್ಬೋದಕ್ಕ. ದಿನಕ್ಕೆ ಮೂವತ್ತು ಮಾಡ್ತೀನಿ."

"ತುಂಡುಗಳನ್ನ ಬೆಸುಗೆ ಹಾಕಿದ್ಯಾ?"

"ಯಾರಕ್ಕ ಅಷ್ಟೆಲ್ಲ... ಮಶೀನಿನ ಹಿಡಿಕೆಗೆ ಜೋಡಿಸಿ ಬಿಗಿದೆ, ಕೊರೆದೆ."

"ಬೆಸುಗೆ ಹಾಕು, ಉಜ್ಜು, ಆಮೇಲೆ ಕೊರಿ ಅಂತ ನಿನಗೆ ಹೇಳಿಕೊಟ್ಟೋಳು ನಾನು. ಮರೆತ್ಯಾ?"

ಅವನು ತಲೆ ಕೆರೆದುಕೊಂಡ. "ಕೀ ತಿರುಗುತ್ತಲ್ಲಕ್ಕ."

"ತಿರುಗುತ್ತೆ. ತುಂಡು ಎಲ್ಲಿ?"

ಅವನು ಕಾಲಿನ ಹತ್ತಿರವಿದ್ದ ರದ್ದಿ ಡಬ್ಬವನ್ನು ತಳ್ಳಿದ. ಅತ್ತೆ ನೆಲಕ್ಕೆ ಕೂತು ಕೈ ಹಾಕಿದಳು. ಹಿತ್ತಾಳೆಯ ಪುಡಿ, ಮುರಿದ ಬೀಗ, ತುಕ್ಕು. ಅರ್ಧ ಗಂಟೆ. ಕೊನೆಗೆ ಒಂದು ಪುಟ್ಟ ಕಾಗದದ ಕವರು, ಮಾತ್ರೆ ಹಾಕಿ ಕೊಡುವಂಥದ್ದು, ಕ್ಲಿನಿಕ್ಕಿನ ಅಂಗಡಿಯ ಮೊಹರು. ಒಳಗೆ ಎರಡು ತುಂಡು. ಒಂದರ ತಲೆ ಅಪ್ಪನ ಹೆಬ್ಬೆರಳಿನಿಂದಲೇ ನುಣುಪಾದದ್ದು. ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದೆ.

"ತಂದಿದ್ದು ಯಾರು?" ಅಂದೆ.

"ಯಾರೋ ಪೇಷಂಟ್ ಕಡೆಯವರು. ಕ್ಲಿನಿಕ್ಕಿನಿಂದ ಕಳ್ಸಿದ್ದಾರೆ ಅಂದ್ರು. ನಾನು ಕೀ ನೋಡ್ತೀನಿ ತಾಯಿ, ಮುಖ ನೋಡಲ್ಲ."

"ಅತ್ತೆ, ಮೊಹರು ನೋಡು. ಅಳಿಯನದೇ ಕವರು. ಅವನೇ ಕಳ್ಸಿದ್ದಾನೆ. ಐದೂವರೆಗೆ ಶೆಡ್ಡಿನಲ್ಲಿ ಇದ್ದೋನೂ ಅವನೇ."

"ಆ ಕವರು ಕ್ಲಿನಿಕ್ಕಿನ ಪ್ರತಿ ಮೇಜಿನ ಮೇಲೂ ಬಿದ್ದಿರುತ್ತೆ. ಸಿಟ್ಟು ನನಗೂ ಇದೆ ಕಣೇ," ಅಂದಳು ಅತ್ತೆ ಸೊಂಟ ಹಿಡಿದು ಏಳುತ್ತಾ. "ಆದ್ರೆ ಸಿಟ್ಟಿನಲ್ಲಿ ಕೀ ಕೊರೆದ್ರೆ ಬೀಗ ಹಾಳಾಗುತ್ತೆ."

ವಾಪಸ್ ಹೋಗುವ ದಾರಿಯಲ್ಲಿ ಅವಳು ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ ಐದು ನಿಮಿಷ ಪಿಸುಗುಟ್ಟಿದಳು.

*

ಮೂರು ಗಂಟೆಗೆ ಎಲ್ಲರೂ ಡಾಕ್ಟರ ಕೋಣೆಯಲ್ಲಿದ್ದರು. ಮೇಜಿನ ಹಿಂದೆ ಡಾಕ್ಟರು. ಗೋಡೆಗೆ ಒರಗಿ ಅಳಿಯ. ಕಿಟಕಿಯ ಹತ್ತಿರ ನರ್ಸಮ್ಮ. ಬಾಗಿಲಲ್ಲಿ ಇನ್ಸ್‌ಪೆಕ್ಟರ್, ಅವರ ಪಕ್ಕ ಅಪ್ಪ. ಅಪ್ಪ ಡಾಕ್ಟರನ್ನೇ ನೋಡುತ್ತಿದ್ದ.

"ಬೇಗ ಮುಗಿಸಿ. ಅಂಗಡಿ ಬಿಟ್ಟು ಬಂದಿದ್ದೀನಿ," ಅಂದ ಅಳಿಯ.

"ನಾನೂ ಅಂಗಡಿ ಮುಚ್ಚಿಯೇ ಬಂದಿರೋದು," ಅಂದಳು ಅತ್ತೆ. ಇನ್ಸ್‌ಪೆಕ್ಟರಿಂದ ತೊಗಲಿನ ಚೀಲ ಇಸಿದುಕೊಂಡು, ಗೋಡೆಯ ಕಡೆ ತಿರುಗಿ ಒಮ್ಮೆ ಒಳಗೆ ನೋಡಿ, ಮೇಜಿನ ಮೇಲಿಟ್ಟಳು. "ಡಾಕ್ಟ್ರೇ, ಇನ್ನೊಂದ್ಸಲ ನೋಡಿ ಹೇಳಿ. ನೀವು ಪೊಲೀಸರಿಗೆ ಕೊಟ್ಟ ಕೀ ಇದೇನಾ?"

ಡಾಕ್ಟರು ಚೀಲ ಬಗ್ಗಿಸಿದರು. ಕೀಲಿಯನ್ನು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಕನ್ನಡಕ ಸರಿಮಾಡಿಕೊಂಡರು.

"ಇದೇ. ಕಾರು ತಗೊಂಡ ದಿನ ಶೋರೂಮಿನಲ್ಲಿ ನನ್ನ ಕೈಗೆ ಕೊಟ್ಟಿದ್ದು."

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅಳಿಯ ಗೋಡೆ ಬಿಟ್ಟು ನೆಟ್ಟಗೆ ನಿಂತ. ಡಾಕ್ಟರ ಬೆರಳ ನಡುವೆ ಇದ್ದದ್ದು ಅತ್ತೆಯ ಸ್ಕೂಟರಿನ ಕೀಲಿ. ಅದರ ತಲೆಗೆ ಅವಳು ಉಗುರಿನ ಬಣ್ಣದಿಂದ ಹಚ್ಚಿದ್ದ ಕೆಂಪು ಪಟ್ಟೆ ಕೋಣೆಯಲ್ಲಿದ್ದವರಿಗೆಲ್ಲ ಕಾಣುತ್ತಿತ್ತು.

"ಏನಾಯ್ತು?" ಅಂದರು ಡಾಕ್ಟರು, ಕಿವಿಯನ್ನು ಒಂದು ಪಕ್ಕಕ್ಕೆ ತಿರುಗಿಸಿ.

"ಏನಿಲ್ಲ. ಈಗ ನಾನು ಹೇಳ್ತೀನಿ, ಕೇಳಿ." ಅತ್ತೆ ಕೂರಲಿಲ್ಲ. "ಚೀಲದಲ್ಲಿದ್ದ ಕೀ ಹೊಳೀತಿತ್ತು. ಉಪಯೋಗಿಸಿಲ್ಲ, ಅದಕ್ಕೇ ಹೊಳೆಯುತ್ತೆ ಅಂದ್ರು ಈ ಸಾರ್. ನನ್ನ ತಲೆ ಕೆಟ್ಟಿದ್ದು ಅಲ್ಲೇ. ಹಿತ್ತಾಳೆ ತೊಗಲಿನಲ್ಲಿ ಇಪ್ಪತ್ತಾರು ವರ್ಷ ಇದ್ರೆ ಹಸಿರುಗಟ್ಟುತ್ತೆ. ಚೀಲದೊಳಗೆ ಆ ಹಸಿರು ಇದೆ. ಕೀ ಮೇಲಿಲ್ಲ. ಅಂದ್ರೆ ಅಷ್ಟು ವರ್ಷ ಚೀಲದಲ್ಲಿದ್ದದ್ದು ಬೇರೆ ಕೀ."

"ಅದರಿಂದ ಏನು?" ಅಂದ ಅಳಿಯ. ದನಿ ಮೊದಲಿನ ಹಾಗಿರಲಿಲ್ಲ.

"ಭೂತಗನ್ನಡಿಯಲ್ಲಿ ನೋಡ್ದೆ. ಹೊಳಪು ಹೊಸದು, ಹಲ್ಲು ಮುದುಕನದು. ಹೊಸ ಕೀಗೆ ಹಲ್ಲಿನ ಅಂಚು ಚೂಪಾಗಿರ್ಬೇಕು. ಇದರದ್ದು ಎಲ್ಲಾ ಮೊಂಡು, ನಮ್ಮಣ್ಣನ ಕೈಯಲ್ಲಿ ಸವೆದ ಕೀ ಥರ. ಮಶೀನಿನಲ್ಲಿ ಒಂದು ಉಕ್ಕಿನ ಬೆರಳು ಇರುತ್ತೆ. ಅದು ಹಳೇ ಕೀ ಮೇಲೆ ತೆವಳುತ್ತೆ, ಪಕ್ಕದ ಚಕ್ರ ಅದೇ ಏರಿಳಿತವನ್ನ ಹೊಸದರ ಮೇಲೆ ಕೊರೆಯುತ್ತೆ. ಸವೆತ ಇದ್ರೆ ಸವೆತವೂ ಬರುತ್ತೆ. ಇನ್ನೊಂದು ಬಂದಿದೆ. ಮೂರನೇ ಹಲ್ಲಿನ ಪಕ್ಕ ಕೂದಲೆಳೆಯಷ್ಟು ಕಚ್ಚು. ಯಾವ ಕಂಪನಿಯೂ ಅಲ್ಲಿ ಕಚ್ಚು ಇಡಲ್ಲ. ಮುರಿದ ಎರಡು ತುಂಡು ಬೆಸೆಯದೆ ಜೋಡಿಸಿದ್ರೆ ನಡುವೆ ಸಂದಿ ಉಳಿಯುತ್ತೆ. ಉಕ್ಕಿನ ಬೆರಳು ಆ ಸಂದಿಗೆ ಬಿದ್ದು ಎದ್ದಿದೆ. ಚಕ್ರ ಅದನ್ನೂ ಕೊರೆದಿದೆ."

ಅವಳು ಮಾತ್ರೆ ಕವರಿನಿಂದ ತುಂಡುಗಳನ್ನು ಮೇಜಿನ ಮೇಲೆ ಸುರಿದು ಜೋಡಿಸಿದಳು. ಪಕ್ಕದಲ್ಲಿ, ಚೀಲದಿಂದ ತೆಗೆದು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಹೊಳೆಯುವ ಕೀಲಿ ಇಟ್ಟಳು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಸಂದಿ ಇರುವಲ್ಲೇ ಕಚ್ಚು.

"ನಮ್ಮಣ್ಣ ಸುಳ್ಳು ಹೇಳಿಲ್ಲ. ಕೀ ಸೋಮವಾರ ಮುರಿದಿದೆ. ತುಂಡು ಈ ಮನೆಯವರ ಕೈಗೆ ಬಂದಿದೆ. ಮಂಗಳವಾರ ಹೊಸದಾಗಿದೆ. ನನ್ನ ಹತ್ರ ಯಾಕೆ ಬರ್ಲಿಲ್ಲ? ನನ್ನ ಹತ್ರ ಬಂದಿದ್ರೆ ಕೀ ರೆಡಿಯಾಗಿದೆ ಅಂತ ಅಣ್ಣನಿಗೆ ಗೊತ್ತಾಗ್ತಿತ್ತು, ಅಣ್ಣ ಕೆಲಸಕ್ಕೆ ಬರ್ತಿದ್ದ. ಯಾರಿಗೋ ಡ್ರೈವರ್ ಇಲ್ಲದ ಕಾರು ಬೇಕಾಗಿತ್ತು."

"ಡ್ರಾಯರಿನಲ್ಲಿ ಒಂದು ಇತ್ತಲ್ಲ. ಹೊಸದು ಯಾಕೆ ಮಾಡಿಸ್ಬೇಕು?" ಅಂದರು ಇನ್ಸ್‌ಪೆಕ್ಟರ್.

"ಅದು ತಿರುಗಲ್ಲ ಸಾರ್, ತೆಗೆದು ಹಾಕಿ ನೋಡಿರ್ತಾರೆ. ಬೀಗ, ಕೀ ಎರಡೂ ಜೊತೆಗೇ ಸವೆಯುತ್ತೆ. ಅಣ್ಣನ ಕೀಗೆ ಒಗ್ಗಿದ ಬೀಗ ಅದು. ಸವೆಯದ ಕೀ ಹಾಕಿದ್ರೆ ಅದಕ್ಕೆ ಗುರುತೇ ಸಿಗಲ್ಲ. ಬೆಳಗ್ಗೆ ಬೆಣ್ಣೆ ಥರ ತಿರುಗ್ತಲ್ಲ, ಆಗಲೇ ಗೊತ್ತಾಯ್ತು, ಅದು ಸ್ಪೇರ್ ಅಲ್ಲ ಅಂತ."

"ಇವನೇ," ಅಂದೆ ನಾನು, ತಡೆಯಲಾಗದೆ, ಅಳಿಯನ ಕಡೆ ಕೈ ಮಾಡಿ.

"ಅಲ್ಲ." ಅತ್ತೆ ನನ್ನ ಕೈ ಇಳಿಸಿದಳು. "ಗುರುವಾರ ಬೆಳಗ್ಗೆ ಅಪಘಾತ ಮಾಡಿ ಬಂದೋರ ಮುಂದೆ ಎರಡು ಕೀ ಇತ್ತು. ಹೊಸದನ್ನ ಬಿಸಾಕಿ, ಹಳೇದನ್ನ ಚೀಲದಲ್ಲಿ ಉಳಿಸಿದ್ರೆ ಮುಗೀತಿತ್ತು, ನಾನು ತಿಪ್ಪರಲಾಗ ಹಾಕಿದ್ರೂ ಏನೂ ಸಿಗ್ತಿರ್ಲಿಲ್ಲ. ಅವರು ಅದಲು ಬದಲು ಮಾಡಿದ್ರು. ಒಂದು ಹಸಿರು, ಒಂದು ಫಳಫಳ. ಒಂದರ ಮೇಲೆ ಕಂಪನಿ ಗುರುತು, ಇನ್ನೊಂದರ ತಲೆ ಬೋಳು. ಇರುವೆಯಂಥ ಅಕ್ಷರ ಓದೋ ಅಳಿಯ ಅದನ್ನ ಅದಲು ಬದಲು ಮಾಡ್ತಾರಾ? ಸಣ್ಣ ರಕ್ತನಾಳಕ್ಕೆ ಸೂಜಿ ಹಾಕೋ ಸಿಸ್ಟರ್ ಮಾಡ್ತಾರಾ? ಹಸಿರನ್ನೂ ಹೊಳಪನ್ನೂ ಬೇರೆ ಮಾಡಲಾಗದೆ ಬೆರಳಲ್ಲಿ ಸವರಿ ಅಂದಾಜು ಮಾಡೋರು ಒಬ್ಬರೇ ಈ ಮನೇಲಿ. ನನ್ನ ಸ್ಕೂಟರ್ ಕೀ ಹಿಡ್ಕೊಂಡು ಶೋರೂಮಿನದು ಅಂತಿದ್ದಾರಲ್ಲ, ಅವರು. ಕಾರು ಓಡಿಸಿದ್ದು ನೀವು ಡಾಕ್ಟ್ರೇ."

ಡಾಕ್ಟರು ಕೈಯಲ್ಲಿದ್ದ ಕೀಲಿಯ ಮೇಲೆ ಹೆಬ್ಬೆರಳು ಆಡಿಸಿದರು. ಬಣ್ಣದ ಉಬ್ಬು ಬೆರಳಿಗೆ ಈಗ ಸಿಕ್ಕಿರಬೇಕು. ಮೇಜಿನ ಮೇಲಿಟ್ಟುಬಿಟ್ಟರು.

"ಸಿಸ್ಟರ್," ಅಂದಳು ಅತ್ತೆ, "ಬಳಸಿದ ಸೂಜಿ ಹಾಕೋ ಡಬ್ಬಿ ತನ್ನಿ. ಯಾರೂ ಕೈ ಹಾಕದ ಜಾಗ ಅದೊಂದೇ ಇಲ್ಲಿ."

ನರ್ಸಮ್ಮ ಇಕ್ಕಳದಿಂದ ಒಂದೊಂದೇ ಸೂಜಿ ತೆಗೆದು ತಟ್ಟೆಗೆ ಹಾಕಿದಳು. ತಳದಲ್ಲಿ ಇಕ್ಕಳಕ್ಕೆ ಸಿಕ್ಕ ಕೀಲಿ ಎಲೆಯ ಹಾಗೆ ಹಸಿರಾಗಿತ್ತು.

"ಮಾವ?" ಅಂದ ಅಳಿಯ.

"ಕಣ್ಣಿನ ಹಿಂದಿನ ಪರದೆ ಹೋಗ್ತಾ ಇದೆ," ಅಂದರು ಡಾಕ್ಟರು. "ಯಾವುದನ್ನ ನೋಡ್ತೀನೋ ಅದೇ ಮಸುಕು. ಪಕ್ಕದಿಂದ ನೋಡಿದ್ರೆ ಸ್ವಲ್ಪ ಕಾಣುತ್ತೆ. ಗೊತ್ತಾದ್ರೆ ಯಾರು ಬರ್ತಾರೆ ನನ್ನ ಹತ್ರ? ಖಾಲಿ ರಸ್ತೆಯಲ್ಲಿ ಒಂದ್ಸಲ ಓಡಿಸಿ ನೋಡ್ಬೇಕು ಅನ್ನಿಸ್ತು. ಆಗುತ್ತಾ ಇಲ್ವಾ ಅಂತ... ಒಂದು ಸದ್ದಾಯ್ತು. ನಾಯಿ ಅಂದ್ಕೊಂಡೆ."

"ಕಿವಿ ಚೆನ್ನಾಗಿದೆಯಲ್ಲ. ನಾಯಿ ಹಾಗೆ ಕೂಗುತ್ತಾ?" ಅಂದಳು ಅತ್ತೆ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾಯಿ ಅಲ್ಲ ಅಂತ ಯಾವಾಗ ಗೊತ್ತಾಯ್ತು?"

"ಶೆಡ್ಡಿನಲ್ಲಿ. ಬಂಪರ್ ಒರೆಸೋವಾಗ. ಕೈಗೆ ಸೀರೆ ಚೂರು ಸಿಕ್ತು."

"ಆಗ ಗಂಟೆ?"

"ಆರು... ಆಗಿರ್ಲಿಲ್ಲ."

ಪೇಪರಿನವನು ಬರುವುದಕ್ಕೆ ಇನ್ನೂ ಕಾಲು ಗಂಟೆ ಇತ್ತು. ಅವಳು ನೂರೈವತ್ತು ಹೆಜ್ಜೆ ಆಚೆ, ಚರಂಡಿಯ ಕಲ್ಲಿನ ಮೇಲೆ, ಕಣ್ಣು ಬಿಟ್ಟುಕೊಂಡು ಬಿದ್ದಿದ್ದಳು. ಇಲ್ಲಿ ಕಪಾಟಿನ ತುಂ‌ಬ ಬಟ್ಟೆಯ ಸುರುಳಿಗಳಿದ್ದವು. ಅವನ್ನು ಕಟ್ಟುವುದಕ್ಕೆ ಕಣ್ಣೂ ಬೇಕಾಗಿರಲಿಲ್ಲ, ನಲವತ್ತೈದು ವರ್ಷದಿಂದ ಕಟ್ಟಿದ ಕೈ ಸಾಕಾಗಿತ್ತು. ಆ ಕೈ ಬಂಪರು ಒರೆಸುತ್ತಿತ್ತು.

ನಾನು ಅಪ್ಪನ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತು."

"ತುಂಡು ಅವರ ಕೈಗೇ ಕೊಟ್ಟಿದ್ದೆ," ಅಂದ ಅಪ್ಪ. "ತಂಗಿ ಹತ್ರ ಮಾಡಿಸ್ತೀನಿ ಅಂದೆ. ಬೇಡ, ನಾನೇ ಮಾಡಿಸಿ ಹೇಳಿ ಕಳಿಸ್ತೀನಿ, ನೀನು ಮನೇಲಿರು ಅಂದ್ರು. ಅವರ ಕಣ್ಣಿನ ವಿಷಯ ನಾಲ್ಕು ವರ್ಷದಿಂದ ಗೊತ್ತು. ನಿನ್ನೆ ಪೊಲೀಸರು ಕರೆದಾಗಲೇ ಅರ್ಥ ಆಯ್ತು."

"ಮತ್ತೆ ಯಾಕಪ್ಪ ಸುಮ್ಮನಿದ್ದೆ?"

"ಅವರೇ ಹೇಳ್ತಾರೆ ಅಂತ ಕಾದೆ." ಅಪ್ಪ ಇನ್ನೂ ಡಾಕ್ಟರನ್ನೇ ನೋಡುತ್ತಿದ್ದ. "ನಿನ್ನೆ ಸಂಜೆ ಹೇಳ್ತಾರೆ ಅಂದ್ಕೊಂಡೆ. ಇವತ್ತು ಬೆಳಗ್ಗೆ ಹೇಳ್ತಾರೆ ಅಂದ್ಕೊಂಡೆ. ಈಗ, ಈ ಕೋಣೆಯಲ್ಲಿ ನನ್ನ ಎದುರಿಗೆ..."

"ಅವಳು ಕಾಲು ಕಳ್ಕೊಂಡು ಮಲಗಿದ್ದಾಳೆ. ನೀನು ಇವರ ಮರ್ಯಾದೆಗೆ ಕಾಯ್ತಾ ಕೂತಿದ್ದೆ," ಅಂದಳು ಅತ್ತೆ. ಅವಳು ದನಿ ಏರಿಸಲಿಲ್ಲ. ಅದಕ್ಕಿಂತ ಕಿರುಚಿದ್ದರೆ ವಾಸಿಯಿತ್ತು. ಅಪ್ಪ ಮುಖ ಸುಟ್ಟವನ ಹಾಗೆ ಕಣ್ಣು ಮುಚ್ಚಿದ.

ಇನ್ಸ್‌ಪೆಕ್ಟರ್ ಮೂರು ಕೀಲಿಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಸಹಿ ಮಾಡಿಸಿದರು. "ಬನ್ನಿ ಡಾಕ್ಟ್ರೇ," ಅಂದರು.

ಹೊರಗೆ ಬಿಸಿಲು ಕಣ್ಣು ಕೋರೈಸುತ್ತಿತ್ತು. ಜಗಲಿಯ ತುದಿಗೆ ಬಂದು ಡಾಕ್ಟರು ನಿಂತರು. ಎಡಗೈಯನ್ನು ಪಕ್ಕಕ್ಕೆ ಚಾಚಿದರು, ನೋಡದೆ, ಕೇಳದೆ. ನಾಲ್ಕು ವರ್ಷದಿಂದ ಆ ಜಾಗದಲ್ಲಿ ಅಪ್ಪನ ಭುಜ ಇರುತ್ತಿತ್ತು. ಯಜಮಾನರ ಪ್ರೀತಿ ಅಂತ ಬೀದಿಯವರು ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಈಗಲೂ ಅಪ್ಪ ಒಂದು ಮೊಳ ದೂರದಲ್ಲೇ ನಿಂತಿದ್ದ. ಚಾಚಿದ ಕೈ ಗಾಳಿಯಲ್ಲಿ ಉಳಿಯಿತು. ಬೆರಳುಗಳು ಒಮ್ಮೆ ಮಡಚಿ ಬಿಚ್ಚಿದವು.

"ಮೂರು ಮೆಟ್ಟಿಲಿದೆ," ಅಂದ ಅಪ್ಪ.

ಅಷ್ಟು ಹೇಳಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.